ತೋಟದವರ ಆ್ಯಪ್‌ಗೆ ಹೊಸ ರೂಪ: ಮೊದಲು ಯಾರನ್ನು ಕೇಳಬೇಕು, ಏನು ಕೇಳಬೇಕು?

ಹಾಸನದ ಡೆವಲಪರ್ | ಮಾರ್ಚ್ 22

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ನಾಲ್ಕೇ ಜನರ ಪುಟ್ಟ ತಂಡ ನಮ್ಮದು. ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರ ಒಂದು ಗುಂಪಿಗೆ ಮೂರು ವರ್ಷದ ಹಿಂದೆ ಮೊಬೈಲ್ ಆ್ಯಪ್ ಮಾಡಿಕೊಟ್ಟಿದ್ದೆವು. ಅದರಲ್ಲಿ ಮೂರೇ ಕೆಲಸ. ಕಾಫಿ ಮತ್ತು ಮೆಣಸಿನ ದರ ನೋಡುವುದು, ಮಳೆ ಬರೆದಿಡುವುದು, ಕೆಲಸದವರ ಹಾಜರಿ ಮತ್ತು ಸಂಬಳದ ಲೆಕ್ಕ ಇಡುವುದು.

ಈಗ ಆ ಗುಂಪಿನವರು "ಆ್ಯಪ್ ಹಳೇದಾಯ್ತು, ಹೊಸ ರೂಪ ಕೊಡಿ" ಎನ್ನುತ್ತಿದ್ದಾರೆ. ನವೆಂಬರ್‌ನಲ್ಲಿ ಕುಯ್ಲು ಶುರುವಾಗುವ ಮೊದಲು ಕೈಗೆ ಸಿಗಬೇಕಂತೆ. ನಮ್ಮ ಬಾಸ್ ಆಗಲೇ ಹೊಸ ಮುಖಪುಟದ ಚಿತ್ರ ಬಿಡಿಸಿಟ್ಟಿದ್ದಾರೆ. ಕಪ್ಪು ಹಿನ್ನೆಲೆ, ಮೇಲೆ ದೊಡ್ಡ ಗ್ರಾಫ್. ನೋಡಲು ಚೆನ್ನಾಗಿದೆ, ಸುಳ್ಳು ಹೇಳಬಾರದು.

ಕೋಡ್ ಮುಟ್ಟುವ ಮೊದಲು ಬಳಸುವವರನ್ನು ಮಾತಾಡಿಸೋಣ ಅಂತ ನಾನು ಹಟ ಹಿಡಿದೆ. ಆರು ವಾರ ಸಿಕ್ಕಿದೆ. 22 ಪ್ರಶ್ನೆಗಳ ಗೂಗಲ್ ಫಾರ್ಮ್ ತಯಾರಿದೆ, ವಾಟ್ಸ್ಆ್ಯಪ್ ಗುಂಪಿಗೆ ಹಾಕುವುದೊಂದೇ ಬಾಕಿ. ಇನ್ನೊಂದು ವಿಷಯ: ಬಳಕೆಯ ಅಂಕಿ ನೋಡಿದರೆ ಮಳೆ ಪುಟಕ್ಕೆ ಹೆಚ್ಚುಕಡಿಮೆ ಯಾರೂ ಹೋಗುತ್ತಿಲ್ಲ. ಅದನ್ನು ತೆಗೆದುಬಿಡೋಣ ಅಂತ ಇದ್ದೇವೆ. ಸರಿ ಅಲ್ವಾ?

ಪಿಕ್ಸೆಲ್ ಪುಟ್ಟಿ | ಮಾರ್ಚ್ 22

ಚಿಕ್ಕಮಗಳೂರಿನವಳು, ಬೆಂಗಳೂರಿನಲ್ಲಿ ಡಿಸೈನ್ ಕೆಲಸ. ದಯವಿಟ್ಟು ಆ ಫಾರ್ಮ್ ಕಳಿಸಬೇಡಿ.

22 ಪ್ರಶ್ನೆಗೆ ಕೂತು ಉತ್ತರ ಬರೆಯುವವರು ಯಾರು ಹೇಳಿ? ಫೋನ್ ಚೆನ್ನಾಗಿ ಬಳಸಲು ಬರುವವರು. ಅವರಿಗೆ ನಿಮ್ಮ ಆ್ಯಪ್ ಈಗಲೂ ಕಷ್ಟ ಅನಿಸಿರುವುದಿಲ್ಲ. ಕಷ್ಟ ಆದವರು ಆ ಫಾರ್ಮ್ ತೆರೆಯುವುದೇ ಇಲ್ಲ.

ಮತ್ತೆ ನಮ್ಮ ಕಡೆ ಮನೆಗೆ ಬಂದವರಿಗೆ ಯಾರೂ ಮುಖಕ್ಕೆ ಹೊಡೆದ ಹಾಗೆ ಹೇಳುವುದಿಲ್ಲ. "ಆ್ಯಪ್ ಹೇಗಿದೆ?" ಅಂತ ಕೇಳಿದರೆ "ಪರವಾಗಿಲ್ಲ" ಅಂತಾರೆ. ಉಪ್ಪು ಜಾಸ್ತಿಯಾದ ಸಾರಿಗೂ ನಮ್ಮಜ್ಜಿ ಅದನ್ನೇ ಹೇಳುತ್ತಿದ್ದರು. ಹಾಗಾಗಿ ಅಭಿಪ್ರಾಯ ಬಿಟ್ಟು ನಡೆದದ್ದನ್ನು ಕೇಳಿ. "ನಿನ್ನೆ ದರ ಎಲ್ಲಿ ನೋಡಿದಿರಿ? ಒಂದ್ಸಲ ತೋರಿಸ್ತೀರಾ?" ಅನ್ನಿ. ಆಮೇಲೆ ಬಾಯಿ ಮುಚ್ಚಿಕೊಂಡು ನೋಡಿ. ಅವರು ತಪ್ಪು ಕಡೆ ಒತ್ತಿದಾಗ "ಅಲ್ಲ ಸಾರ್, ಪಕ್ಕದ್ದು" ಅಂತ ಹೇಳಿಕೊಡಬಾರದು. ಇದು ತುಂಬಾ ಕಷ್ಟ, ನನಗೆ ಇವತ್ತಿಗೂ ಕೈ ತುರಿಸುತ್ತದೆ.

ಒಂದು ಉಪಾಯ ಹೇಳ್ತೀನಿ. "ಪಕ್ಕದ ತೋಟದವರಿಗೆ ಇದರಲ್ಲಿ ಏನು ಕಷ್ಟ ಆಗಬಹುದು?" ಅಂತ ಕೇಳಿ. ತಮ್ಮ ಕಷ್ಟವನ್ನೆಲ್ಲ ಪಕ್ಕದವರ ತಲೆಗೆ ಕಟ್ಟಿ ಧಾರಾಳವಾಗಿ ಹೇಳುತ್ತಾರೆ.

ಅರೇಬಿಕಾ ಅಜ್ಜಿ | ಮಾರ್ಚ್ 22

ಮಳೆ ಯಾರೂ ಬರೆಯುವುದಿಲ್ಲ ಅಂತ ಯಾರಪ್ಪ ಹೇಳಿದ್ದು? ನಮ್ಮ ಮನೆಯಲ್ಲಿ ನಮ್ಮ ಮಾವನವರ ಕಾಲದಿಂದ ಬರೆಯುತ್ತಿದ್ದೇವೆ. ಬೆಳಿಗ್ಗೆ ಅಂಗಳದ ಮಳೆ ಮಾಪಕ ನೋಡುವುದು, ಗೋಡೆಯ ಕ್ಯಾಲೆಂಡರ್‌ನಲ್ಲಿ ಆ ದಿನದ ಚೌಕದಲ್ಲಿ ಬರೆಯುವುದು. ಕಾಫಿ ಗಿಡ ಹೂ ಬಿಡಿಸುವ ಹೂ ಮಳೆ ಯಾವತ್ತು ಬಿತ್ತು, ಎಷ್ಟು ಬಿತ್ತು ಅಂತ ಗೊತ್ತಿಲ್ಲದಿದ್ದರೆ, ಆಮೇಲೆ ಕಾಯಿ ಕಚ್ಚಲು ಬೇಕಾದ ಬ್ಯಾಕಿಂಗ್ ಮಳೆಗೆ ಕಾಯಬೇಕೋ ಸ್ಪ್ರಿಂಕ್ಲರ್ ಹಾಕಬೇಕೋ ಹೇಗೆ ಗೊತ್ತಾಗಬೇಕು?

ನಿಮ್ಮ ಆ್ಯಪೋ ಅಂಥದ್ದೇ ಇನ್ನೊಂದೋ ಗೊತ್ತಿಲ್ಲ, ಮಗ ಹಾಕಿಕೊಟ್ಟಿದ್ದ. ಮಿಲಿಮೀಟರ್ ಕೇಳಿತು. ನಮ್ಮಲ್ಲಿ "ಒಂದು ಇಂಚು, ನಲವತ್ತು ಸೆಂಟ್ಸ್" ಹೀಗೆ ಲೆಕ್ಕ, ಇಂಚಿನ ನೂರರಲ್ಲಿ ಒಂದು ಪಾಲು ಒಂದು ಸೆಂಟ್. ಗುಣಾಕಾರ ಮಾಡಿಕೊಂಡು ಕೂರಲು ಅಷ್ಟೊತ್ತಿಗೆ ಯಾರಿಗೆ ಪುರುಸೊತ್ತು?

ಹಾಸನದ ಡೆವಲಪರ್ | ಮಾರ್ಚ್ 23

ಅಮ್ಮಾ, ಈ ಒಂದು ಮಾತಿಗೆ ನಿಮಗೆ ಕಾಫಿ ಕೊಡಿಸಬೇಕು (ಕಾಫಿ ಬೆಳೆಯುವವರಿಗೆ!). ಒಂದು ಇಂಚು ನಲವತ್ತು ಅಂದರೆ 35.56 ಮಿ.ಮೀ. ಯಾರು ತಾನೇ ಅದನ್ನು ಟೈಪ್ ಮಾಡುತ್ತಾರೆ? ಮಳೆ ಪುಟ ಸದ್ಯಕ್ಕೆ ಬದುಕಿತು. ಫಾರ್ಮ್ ಕಸದ ಬುಟ್ಟಿಗೆ ಹೋಯಿತು.

ಈಗ ಪ್ರಶ್ನೆ, ಎಷ್ಟು ಜನರನ್ನು ನೋಡಬೇಕು? ಐದು ಜನ ಸಾಕು ಅಂತ ಎಲ್ಲೋ ಓದಿದ್ದೆ.

ಲೆಕ್ಕದ ಮೇಷ್ಟ್ರು | ಮಾರ್ಚ್ 23

ಆ ಐದರ ಕತೆ ಸ್ವಲ್ಪ ಬಿಡಿಸಿ ಹೇಳಬೇಕು. ಆ್ಯಪ್, ವೆಬ್‌ಸೈಟ್ ಬಳಸಲು ಎಷ್ಟು ಸುಲಭ ಅಂತ ಅಧ್ಯಯನ ಮಾಡುವ ಜಾಕೋಬ್ ನೀಲ್ಸನ್ 2000ದಲ್ಲಿ ಬರೆದದ್ದು ಅದು. 1993ರಲ್ಲಿ ಅವರು ಮತ್ತು ಟಾಮ್ ಲ್ಯಾಂಡಾವರ್ ಸೇರಿ ಮಾಡಿದ ಲೆಕ್ಕ ಅದಕ್ಕೆ ಆಧಾರ. ಒಬ್ಬ ಬಳಕೆದಾರ ಸರಾಸರಿ ಶೇ 31ರಷ್ಟು ತೊಡಕುಗಳನ್ನು ತೋರಿಸುತ್ತಾನೆ ಎಂದಿಟ್ಟುಕೊಂಡರೆ, ಐದು ಜನರಲ್ಲಿ ಸುಮಾರು ಶೇ 85 ಸಿಕ್ಕಿಬಿಡುತ್ತವೆ.

ಆದರೆ ಹತ್ತರಲ್ಲಿ ಒಬ್ಬರಿಗೆ ಮಾತ್ರ ಬರುವ ತೊಡಕು ಇದ್ದರೆ? ಐದು ಜನರಲ್ಲಿ ಅದು ಕಣ್ಣಿಗೆ ಬೀಳುವ ಸಾಧ್ಯತೆ ಶೇ 41. ಅರ್ಧಕ್ಕಿಂತ ಕಡಿಮೆ. ಐದು ಅನ್ನುವುದು ಒಂದೇ ಬಗೆಯ ಜನರಿಗೆ, ಮಾಡಿಟ್ಟ ಪರದೆಯ ಪರೀಕ್ಷೆಗೆ. ಇವರಿಗೆ ಏನು ಬೇಕು ಅಂತ ಹುಡುಕಲು ಹೊರಟವರಿಗೆ ಹೇಳಿದ ಸಂಖ್ಯೆ ಅದಲ್ಲ. ನಿಮ್ಮ ಆ್ಯಪ್ ಬಳಸುವವರು ಎಷ್ಟು ಬಗೆ ಅಂತ ಮೊದಲು ಪಟ್ಟಿ ಮಾಡಿ. ಒಂದೊಂದು ಬಗೆಗೆ ನಾಲ್ಕೈದು ಮನೆ ನೋಡಿ. ಹೊಸದು ಕೇಳಿಬರುವುದು ನಿಂತಾಗ ನಿಲ್ಲಿಸಿ.

ಮತ್ತೆ ಮಾತು ರೆಕಾರ್ಡ್ ಮಾಡುವುದಾದರೆ ಮೊದಲೇ ಒಪ್ಪಿಗೆ ಕೇಳಿ, ಕನ್ನಡದಲ್ಲೇ ಕೇಳಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಕೂಡ ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಲ್ಲಿ (ಕನ್ನಡವೂ ಅದರಲ್ಲಿದೆ) ಒಪ್ಪಿಗೆಯ ವಿವರ ಸಿಗಬೇಕು ಎನ್ನುತ್ತದೆ.

ತೋಟದ ರೈಟರ್ | ಮಾರ್ಚ್ 24

ಎಲ್ಲರೂ ಬೆಳೆಗಾರರು ಬೆಳೆಗಾರರು ಅಂತಿದ್ದೀರಿ. ಹಾಜರಿ ಬರೆಯುವವನು ನಾನು. ಮೂರು ವರ್ಷದಲ್ಲಿ ಒಬ್ಬರೂ ನನ್ನನ್ನು ಕೇಳಿಲ್ಲ.

ಬಾಳೆಹೊನ್ನೂರು ಬೈಕರ್ | ಮಾರ್ಚ್ 24

ಇಷ್ಟೆಲ್ಲ ಯಾಕ್ರೀ? ದೊಡ್ಡ ಕಂಪನಿಗಳು ರಾತ್ರೋರಾತ್ರಿ ಆ್ಯಪ್ ಬದಲಾಯಿಸುತ್ತವೆ. ಜನ ಎರಡು ದಿನ ಬೈಯುತ್ತಾರೆ, ಮೂರನೇ ದಿನ ಒಗ್ಗಿಕೊಳ್ಳುತ್ತಾರೆ. ಬಾಸ್ ಚಿತ್ರ ಚೆನ್ನಾಗಿದೆ ಅಂದ ಮೇಲೆ ಮುಗೀತು.

ಪಿಕ್ಸೆಲ್ ಪುಟ್ಟಿ | ಮಾರ್ಚ್ 24

2018ರಲ್ಲಿ ಸ್ನ್ಯಾಪ್‌ಚಾಟ್ ಹೀಗೇ ರೂಪ ಬದಲಾಯಿಸಿತು. ಹಳೆಯದನ್ನೇ ಕೊಡಿ ಅಂತ 12 ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. 2010ರಲ್ಲಿ ಡಿಗ್ ಅನ್ನುವ ಸುದ್ದಿ ಹಂಚುವ ತಾಣ ಬದಲಾಯಿಸಿದಾಗ ಜನ ಬೈಯಲು ನಿಲ್ಲಲೂ ಇಲ್ಲ, ಎದ್ದು ಅಂಥದ್ದೇ ಇನ್ನೊಂದು ತಾಣ ರೆಡಿಟ್‌ಗೆ ಹೋದರು. ಇವರ ಬಳಿ ಇರುವುದು ಒಂದು ಗುಂಪಿನ ಬೆಳೆಗಾರರು. ಅವರು ಒಗ್ಗಿಕೊಳ್ಳುವುದಿಲ್ಲ, ಕ್ಯಾಲೆಂಡರ್‌ಗೆ ವಾಪಸ್ ಹೋಗುತ್ತಾರೆ.

ಕಡೂರು ಬಯಲು | ಮಾರ್ಚ್ 24

ಕಾಫಿಯವರದ್ದೇ ಜಿಲ್ಲೆ ಅಂತ ಮಾತಾಡಬೇಡಿ. ತೆಂಗು, ಅಡಿಕೆಯವರೂ ಇದ್ದೇವೆ. ಮಳೆ ಬಂದರೆ ನಾವೂ ಬರೆದಿಡುತ್ತೇವೆ. ಬರಬೇಕಷ್ಟೆ.

ಹಾಸನದ ಡೆವಲಪರ್ | ಏಪ್ರಿಲ್ 19

ತಡವಾಯಿತು, ಕ್ಷಮಿಸಿ. ಹದಿನಾಲ್ಕು ಮನೆ ಸುತ್ತಿ ಬಂದೆ. ಮೂರು ಬಗೆ ಮಾಡಿಕೊಂಡಿದ್ದೆ: ತೋಟದಲ್ಲೇ ಇರುವ ಮಾಲೀಕರು, ಊರು ಬಿಟ್ಟ ಮಕ್ಕಳು, ರೈಟರ್‌ಗಳು. ಸಕಲೇಶಪುರದ ಹತ್ತಿರ ಒಂದು ಭೇಟಿ ರದ್ದಾಯಿತು. ದಾರಿಯಲ್ಲಿ ಆನೆ ಇದೆ, ಬರಬೇಡಿ ಅಂತ ಅವರೇ ಫೋನ್ ಮಾಡಿದರು. ಅವರಿಗೆ ಅದು ಗೊತ್ತಾದದ್ದು ವಾಟ್ಸ್ಆ್ಯಪ್ ಗುಂಪಿನಿಂದ. ಇದನ್ನೂ ಬರೆದುಕೊಂಡೆ, ಯಾಕೆಂದರೆ ದರದ ಕತೆಯೂ ಅದೇ. ನಮ್ಮ ದರದ ಪುಟದ ಸ್ಕ್ರೀನ್‌ಶಾಟ್ ಒಬ್ಬರು ಬೆಳಿಗ್ಗೆ ಗುಂಪಿಗೆ ಹಾಕುತ್ತಾರೆ, ಮಿಕ್ಕವರೆಲ್ಲ ಅಲ್ಲೇ ನೋಡುತ್ತಾರೆ. ದರದ ಪುಟ ನೋಡುವವರು ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ ಅಂತ ನಾವು ತಲೆ ಕೆಡಿಸಿಕೊಂಡಿದ್ದೆವು!

ಆ ಪುಟದಲ್ಲೂ ಒಂದು ಎಡವಟ್ಟು ಇದೆ. ನಾವು ಕಿಲೋ ಲೆಕ್ಕದಲ್ಲಿ ದರ ಹಾಕಿದ್ದೇವೆ. ಅವರೆಲ್ಲ ಮಾತಾಡುವುದು 50 ಕಿಲೋ ಚೀಲದಲ್ಲಿ. ರೋಬಸ್ಟಾ ಚೆರ್ರಿಗಂತೂ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) ಮೊದಲು ಕೇಳುವುದೇ "ಓಟಿ ಎಷ್ಟು?" ಅಂತ. ಒಂದು ಚೀಲ ಚೆರ್ರಿ ಸುಲಿದರೆ ಎಷ್ಟು ಕಿಲೋ ಬೇಳೆ ಬರುತ್ತದೆ ಅನ್ನುವ ಲೆಕ್ಕ ಅದು, 26, 27, 28 ಹೀಗೆ. ಹಾಸನದಲ್ಲಿ ಕೂತು ಮೂರು ವರ್ಷ ಆ್ಯಪ್ ನಡೆಸಿದ ನನಗೆ ಓಟಿ ಅಂದರೆ ಆಪರೇಷನ್ ಥಿಯೇಟರ್ ಅಂತಲೇ ಗೊತ್ತಿದ್ದದ್ದು.

ಮಳೆಯ ವಿಷಯದಲ್ಲಿ ಅಜ್ಜಿ ಹೇಳಿದ್ದು ನೂರಕ್ಕೆ ನೂರು ನಿಜ. ಹತ್ತು ಮನೆಯಲ್ಲಿ ಗೋಡೆಯ ಕ್ಯಾಲೆಂಡರ್ ತೋರಿಸಿದರು. ಮೂಡಿಗೆರೆಯ ಒಂದು ಮನೆಯಲ್ಲಿ ಹಳೆಯ ಕ್ಯಾಲೆಂಡರ್‌ಗಳನ್ನೆಲ್ಲ ಸುತ್ತಿ ಟ್ರಂಕಿನಲ್ಲಿ ಇಟ್ಟಿದ್ದಾರೆ. ನಾನು ಹೋದ ಹಿಂದಿನ ರಾತ್ರಿ ಅಶ್ವಿನಿ ಮಳೆ ಬಿದ್ದಿತ್ತು. ಮಾಲೀಕರು ಇವತ್ತಿನ ಚೌಕದಲ್ಲಿ ಬರೆದರು, ತಕ್ಷಣ ಟ್ರಂಕ್ ತೆಗೆದು ಹೋದ ವರ್ಷದ ಅದೇ ದಿನ ನೋಡಿದರು, ಅದರ ಹಿಂದಿನ ವರ್ಷದ್ದೂ ನೋಡಿದರು. ಯಾರೂ ಕೇಳದೆ ಅವರಾಗಿಯೇ ಮಾಡಿದ್ದು ಇದು. ಅವರಿಗೆ ಬೇಕಾದದ್ದು ಹೋದ ವರ್ಷ ಇದೇ ದಿನ ಎಷ್ಟಿತ್ತು, ಇಲ್ಲಿವರೆಗೆ ಒಟ್ಟು ಎಷ್ಟಾಯಿತು, ಅಷ್ಟೇ. ನಮ್ಮ ಗ್ರಾಫ್ ತೋರಿಸಿದೆ. "ಚೆನ್ನಾಗಿದೆ" ಅಂದರು. ಆಮೇಲೆ ಟ್ರಂಕ್ ಮುಚ್ಚಿದರು.

ಊರು ಬಿಟ್ಟ ಮಕ್ಕಳ ಕತೆ ಬೇರೆಯೇ. ಖಾತೆ ಅಪ್ಪನ ನಂಬರಿನಲ್ಲಿ, ಬಳಸುವುದು ಬೆಂಗಳೂರಿನ ಮಗಳು. ಅವಳು ಲಾಗಿನ್ ಆದರೆ ಓಟಿಪಿ ಅಪ್ಪನಿಗೆ ಹೋಗುತ್ತದೆ. ತೋಟದಲ್ಲಿ ನೆಟ್‌ವರ್ಕ್ ಸಿಗುವುದು ಕಣದ ಹಿಂದಿನ ಬಂಡೆ ಮೇಲೆ ಮಾತ್ರ. ಅಪ್ಪ ಬಂಡೆ ಹತ್ತುವಷ್ಟರಲ್ಲಿ ಓಟಿಪಿ ಗಡುವು ಮುಗಿದಿರುತ್ತದೆ. ಇದನ್ನು ಅಪ್ಪ ನಗುತ್ತಾ ಹೇಳಿದರು. ಮಗಳು ನಗಲಿಲ್ಲ.

ಅರೇಬಿಕಾ ಅಜ್ಜಿ | ಏಪ್ರಿಲ್ 19

ನಮ್ಮ ಮನೆಯಲ್ಲೂ ಟ್ರಂಕ್ ಇದೆ. ಇಲಿ ಹೊಡೆದು ಎರಡು ವರ್ಷದ ಮಳೆ ಹೋಯಿತು.

ತೋಟದ ರೈಟರ್ | ಏಪ್ರಿಲ್ 19

ಹಾಜರಿದು ಏನಾಯ್ತು?

ಹಾಸನದ ಡೆವಲಪರ್ | ಏಪ್ರಿಲ್ 20

ಅದನ್ನೇ ಬರೆಯಲು ಕೂತಿದ್ದೆ. ಮಾಲೀಕರು ಯಾರೂ ದುಡ್ಡು ಮುಟ್ಟಲಿಲ್ಲ, ಊಟ ಹಾಕಿ ಕಳಿಸಿದರು. ಆದರೆ ರೈಟರ್‌ಗಳ ಅರ್ಧ ದಿನ ಹೋಗುತ್ತದೆ, ಅದಕ್ಕೆ ದಿನಗೂಲಿ ಲೆಕ್ಕದಲ್ಲಿ ಕೊಟ್ಟೆವು. ಇದು ಕಡ್ಡಾಯ ಅಂತ ನನ್ನ ಅಭಿಪ್ರಾಯ.

ಕಾಫಿ ಕುಯ್ಲು ಮುಗಿದಿದೆ, ಒಬ್ಬೊಬ್ಬರು ಕುಯ್ದ ಹಣ್ಣಿನ ಸಂಜೆಯ ತೂಕ ಕಣ್ಣಾರೆ ನೋಡಲು ಆಗಲಿಲ್ಲ. ಅದಕ್ಕೆ ಹೋದ ಸಲದ ಹಾಜರಿ ಪುಸ್ತಕ ತೆಗೆಸಿ, "ಜನವರಿಯ ಈ ದಿನ ಏನೇನಾಯಿತು, ಹೇಳುತ್ತಾ ಹೋಗಿ" ಅಂದೆ. ಇದು ತುಂಬಾ ಚೆನ್ನಾಗಿ ಕೆಲಸ ಮಾಡಿತು. ಪುಟದ ಮೇಲಿನ ಕಲೆ, ಹೊಡೆದು ಹಾಕಿದ ಅಂಕಿ, ಅಂಚಿನಲ್ಲಿ ಬರೆದ ಮುಂಗಡ, ಪ್ರತಿಯೊಂದಕ್ಕೂ ಒಂದು ಕತೆ ಇತ್ತು. ಮೆಣಸು ಕುಯ್ಲು ನಡೆಯುತ್ತಿದ್ದ ಎರಡು ತೋಟದಲ್ಲಿ ಹಾಜರಿ ಬರೆಯುವುದನ್ನೂ ನೋಡಿದೆ.

ನಮ್ಮ ಆ್ಯಪ್‌ನಲ್ಲಿ ಹೆಸರುಗಳು ಅಕಾರಾದಿಯಾಗಿ ಬರುತ್ತವೆ. ಪುಸ್ತಕದಲ್ಲಿ ಹೆಸರು ಇರುವುದು ಲೈನ್ ಮನೆಯ (ಕೆಲಸದವರು ಇರುವ ಸಾಲು ಮನೆಗಳು) ಸಾಲಿನ ಪ್ರಕಾರ, ಗಂಡ ಹೆಂಡತಿ ಪಕ್ಕಪಕ್ಕ. ಸಂಜೆ ತೂಕಕ್ಕೆ ಬರುವುದೂ ಹಾಗೆಯೇ. ಒಬ್ಬ ಕೂಗುತ್ತಾನೆ, ಇನ್ನೊಬ್ಬ ಬರೆಯುತ್ತಾನೆ. ಕೈಯಲ್ಲಿ ಹಣ್ಣಿನ ಅಂಟು, ಬೆಳಕು ಕಡಿಮೆ. ಈ ಹೊತ್ತಿನಲ್ಲಿ ಹೆಸರು ಹುಡುಕಿ, ತೆರೆದು, ಕಿಲೋ ಹಾಕಿ, ಹಿಂದೆ ಬಂದು ಮತ್ತೆ ಹುಡುಕು ಅಂದರೆ? ಒಬ್ಬ ರೈಟರ್ ಪುಸ್ತಕದಲ್ಲೇ ಬರೆದು ರಾತ್ರಿ ಒಂಬತ್ತಕ್ಕೆ ಆ್ಯಪ್‌ಗೆ ಏರಿಸುತ್ತಾರೆ. ಎರಡೆರಡು ಕೆಲಸ. ನಮ್ಮ ಅಂಕಿ ಅವರನ್ನು "ಅತ್ಯಂತ ಸಕ್ರಿಯ ಬಳಕೆದಾರ" ಅಂತ ತೋರಿಸುತ್ತಿತ್ತು.

ಇನ್ನು "ಉಳಿಸಿ" ಗುಂಡಿ. ಸೇವ್‌ಗೆ ನಾವು ಹಾಕಿದ ಕನ್ನಡ. ಸಂಬಳದ ಪುಟದ ಕೆಳಗೆ ದೊಡ್ಡದಾಗಿ "ಉಳಿಸಿ" ಅಂತ ಇದೆ. ಒಬ್ಬರು ಅದನ್ನು ಒತ್ತುವುದೇ ಇಲ್ಲ, ಪ್ರತಿ ಸಲ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳುತ್ತಾರೆ. ಯಾಕೆ ಅಂದೆ. "ಅದು ಒತ್ತಿದರೆ ಸಂಬಳ ಉಳಿಸಿಕೊಂಡ ಹಾಗಾಗುತ್ತಲ್ವಾ? ನಾವು ವಾರಕ್ಕೆ ಸರಿಯಾಗಿ ಕೊಟ್ಟುಬಿಡುತ್ತೇವೆ" ಅಂದರು. ನಾನು ಎರಡು ನಿಮಿಷ ಸುಮ್ನೆ ಕೂತೆ.

ಪಿಕ್ಸೆಲ್ ಪುಟ್ಟಿ | ಏಪ್ರಿಲ್ 20

"ಉಳಿಸಿ" ಕತೆಯನ್ನು ನಮ್ಮ ಆಫೀಸಿನಲ್ಲಿ ಎಲ್ಲರಿಗೂ ಹೇಳಿದೆ. "ಬರೆದಿಡಿ" ಅಂತ ಹಾಕಿ ನೋಡಿ, ಇಲ್ಲದಿದ್ದರೆ ಸೀದಾ "ಸೇವ್ ಮಾಡಿ".

ಒತ್ತಕ್ಷರ ಪರೀಕ್ಷಿಸಿದಿರಾ? ಇಂಗ್ಲಿಷ್ ಅಕ್ಷರಕ್ಕೆ ಅಳೆದ ಸಾಲಿನ ಎತ್ತರವನ್ನೇ ಕನ್ನಡಕ್ಕೂ ಬಿಟ್ಟರೆ ಕೆಳಗಿನ ಒತ್ತು ಕತ್ತರಿಸಿ ಹೋಗುತ್ತದೆ. ಅಕ್ಷರದ ಗಾತ್ರ ದೊಡ್ಡದು ಮಾಡಿಕೊಂಡ ಫೋನ್‌ಗಳಲ್ಲಿ ಇನ್ನೂ ಜಾಸ್ತಿ. ವಯಸ್ಸಾದವರ ಫೋನ್ ಎಲ್ಲ ಹಾಗೇ ಇರುತ್ತದೆ.

ಹಾಸನದ ಡೆವಲಪರ್ | ಏಪ್ರಿಲ್ 20

ನೋಡಿದೆ. "ಒಟ್ಟು ಮೊತ್ತ" ಅನ್ನುವುದು "ಒಟು ಮೊತ" ಆಗಿದೆ. ಮೂರು ವರ್ಷ!

ಲೆಕ್ಕದ ಮೇಷ್ಟ್ರು | ಏಪ್ರಿಲ್ 21

ಹೊಸದನ್ನು ಹೊರಗೆ ಬಿಡುವ ಮೊದಲು ಹಳೆಯದರ ಅಳತೆ ಹಿಡಿದಿಟ್ಟುಕೊಳ್ಳಿ. ಇಲ್ಲದಿದ್ದರೆ ಸುಧಾರಿಸಿತೋ ಇಲ್ಲವೋ ಅಂತ ಮುಂದೆ ಬರೀ ಜಗಳ. ಬಳಸಲು ಎಷ್ಟು ಸುಲಭ ಅಂತ ನೋಡಲು 1986ರಲ್ಲಿ ಜಾನ್ ಬ್ರೂಕ್ ಮಾಡಿದ ಹತ್ತು ವಾಕ್ಯಗಳ ಅಳತೆಗೋಲು ಇದೆ, ಎಸ್‌ಯುಎಸ್ ಅಂತ. ನೂರಕ್ಕೆ ಅಂಕ ಬರುತ್ತದೆ, ಸರಾಸರಿ 68. ಶೇಕಡಾವಾರು ಅಂತ ಓದಬಾರದು. ಅದರಲ್ಲಿ ಒಂದು ಬಿಟ್ಟು ಒಂದು ವಾಕ್ಯ ತಿರುಗುಮುರುಗು ಇರುತ್ತದೆ, ಒಂದು ಹೊಗಳಿದರೆ ಮುಂದಿನದು ತೆಗಳುತ್ತದೆ. ಕನ್ನಡ ಮಾಡುವಾಗ ಹುಷಾರು.

ಹಾಸನದ ಡೆವಲಪರ್ | ಮೇ 3

ಹತ್ತು ವಾಕ್ಯ ಓದಿ ಹೇಳಿದಾಗ ಅರ್ಧ ಜನ ಎಲ್ಲದಕ್ಕೂ "ಹೌದು ಹೌದು" ಅಂದರು ಮೇಷ್ಟ್ರೇ. ಬಿಟ್ಟುಬಿಟ್ಟೆ. ಅದರ ಬದಲು ಮೂರು ಕೆಲಸ ಕೊಟ್ಟು ಗಡಿಯಾರ ಹಿಡಿದೆ: ನಿನ್ನೆಯ ಮಳೆ ಬರೆಯಿರಿ, ಐದು ಜನರ ಹಾಜರಿ ಹಾಕಿ, ಇವತ್ತಿನ ರೋಬಸ್ಟಾ ಚೆರ್ರಿ ದರ ಹೇಳಿ. ಎಷ್ಟು ಹೊತ್ತು ಹಿಡಿಯಿತು, ಎಷ್ಟು ಸಲ ತಪ್ಪಿದರು ಅಂತ ಬರೆದಿಟ್ಟಿದ್ದೇನೆ. ಹೊಸದಕ್ಕೂ ಇದನ್ನೇ ಮಾಡುತ್ತೇನೆ.

ಲೆಕ್ಕದ ಮೇಷ್ಟ್ರು | ಮೇ 3

ಸಾಕು. ಅದೇ ಒಳ್ಳೆಯದು.

ಬಾಳೆಹೊನ್ನೂರು ಬೈಕರ್ | ಮೇ 3

ಬಾಸ್ ಗ್ರಾಫ್ ಗತಿ ಏನಾಯ್ತು?

ಹಾಸನದ ಡೆವಲಪರ್ | ಮೇ 4

ಕೊನೆಯ ಎರಡು ಮನೆಗೆ ಅವರನ್ನೂ ಕರೆದುಕೊಂಡು ಹೋಗಿದ್ದೆ. ಇದು ನಾನು ಮಾಡಿದ ಒಂದೇ ಜಾಣತನ. ಮಧ್ಯಾಹ್ನ ಹನ್ನೆರಡಕ್ಕೆ ಕಣದ ನಡುವೆ ನಿಂತು, ತಮ್ಮ ಕಪ್ಪು ಹಿನ್ನೆಲೆಯ ಚಿತ್ರವನ್ನು ಫೋನಿನಲ್ಲಿ ತೆರೆದು ಮಾಲೀಕರ ಕೈಗೆ ಕೊಟ್ಟರು. ಅವರು ಅದನ್ನು ಅತ್ತ ಇತ್ತ ತಿರುಗಿಸಿ, ಮೀಸೆ ಸರಿ ಮಾಡಿಕೊಂಡರು. ಆ ಬಿಸಿಲಿಗೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ವಾಪಸ್ ಬರುವಾಗ ಬೇಲೂರಿನವರೆಗೂ ಬಾಸ್ ಮಾತಾಡಲಿಲ್ಲ. ಆಮೇಲೆ "ಬಿಳಿ ಮಾಡು" ಅಂದರು.

ಯೋಜನೆ ಹೀಗಿದೆ. ಕೇಳಿದ್ದು, ಕಂಡದ್ದು ಎಲ್ಲವನ್ನೂ ಅವರ ಮಾತಿನಲ್ಲೇ ಚೀಟಿಗಳ ಮೇಲೆ ಬರೆದು ಆಫೀಸಿನ ಗೋಡೆಗೆ ಅಂಟಿಸಿದೆವು. ಒತ್ತಕ್ಷರ, "ಉಳಿಸಿ", ಇಂಚು-ಸೆಂಟ್ಸ್, ಚೀಲದ ದರ: ಇವಕ್ಕೆ ಹೊಸ ರೂಪ ಬರುವವರೆಗೆ ಕಾಯುವ ಅಗತ್ಯವೇ ಇಲ್ಲ, ಈ ತಿಂಗಳೇ ಹೋಗುತ್ತವೆ. ಹಾಜರಿಯನ್ನು ಪೂರ್ತಿ ಕಿತ್ತು ಕಟ್ಟುತ್ತೇವೆ. ಲೈನ್ ಮನೆ ಸಾಲು, ಒಂದೇ ಪುಟ, ದೊಡ್ಡ ಅಂಕಿ, ನೆಟ್‌ವರ್ಕ್ ಇಲ್ಲದೆಯೂ ನಡೆಯಬೇಕು. ಒಂದು ತೋಟಕ್ಕೆ ಎರಡು ಮೂರು ನಂಬರ್ ಸೇರಿಸಲು ಬಿಡುತ್ತೇವೆ, ಅಪ್ಪ ಬಂಡೆ ಹತ್ತುವುದು ತಪ್ಪಲಿ.

ಮುಟ್ಟಬಾರದ್ದರ ಪಟ್ಟಿಯೂ ಒಂದಿದೆ. ದರದ ಪುಟದ ವಿನ್ಯಾಸ ಅದರಲ್ಲಿ ಮೊದಲನೆಯದು. ಯಾವ ಸಾಲು ಎಲ್ಲಿದೆ ಅಂತ ಜನರಿಗೆ ಕಣ್ಣಿಗೆ ಕಟ್ಟಿದೆ, ಸ್ಕ್ರೀನ್‌ಶಾಟ್ ನೋಡಿಯೇ ಬಾಯಿಪಾಠ ಆಗಿದೆ. ಅಲ್ಲಿ ಬದಲಾಗುವುದು ಅಂಕಿಯ ಲೆಕ್ಕ ಮಾತ್ರ. ಸ್ಕ್ರೀನ್‌ಶಾಟ್ ಬದಲು ಹಂಚುವ ಗುಂಡಿ ಕೊಡೋಣ ಅಂತ ಒಬ್ಬರು ಹೇಳಿದರು. ಅದರ ಬಗ್ಗೆ ನಮ್ಮಲ್ಲೇ ಇನ್ನೂ ಜಗಳ ನಡೆದಿದೆ.

ತೋಟದ ರೈಟರ್ | ಮೇ 4

ಮುಂಗಡ ಮರೀಬೇಡಿ. ಸಂಬಳದ ದಿನ ಗಲಾಟೆ ಆಗುವುದೇ ಅದರಿಂದ.

ಹಾಸನದ ಡೆವಲಪರ್ | ಮೇ 4

ಪುಸ್ತಕದ ಅಂಚಿನಲ್ಲಿ ಬರೆಯುವ ಹಾಗೆಯೇ, ಹೆಸರಿನ ಪಕ್ಕದಲ್ಲೇ ಜಾಗ ಇಟ್ಟಿದ್ದೇವೆ. ನವೆಂಬರ್‌ನಲ್ಲಿ ನಿಜವಾದ ತೂಕದ ಹೊತ್ತಿಗೆ ಬಂದು ನಿಮ್ಮ ಪಕ್ಕದಲ್ಲಿ ನಿಲ್ಲಬಹುದಾ?

ತೋಟದ ರೈಟರ್ | ಮೇ 5

ಬನ್ನಿ. ಮಾತಾಡಿಸಬೇಡಿ ಅಷ್ಟೇ, ಲೆಕ್ಕ ತಪ್ಪುತ್ತೆ.

ಹಾಸನದ ಡೆವಲಪರ್ | ಜೂನ್ 26

ಮೊನ್ನೆ ಹೊಸ ಮಳೆ ಪುಟವನ್ನು ಐದು ಮನೆಗೆ ಕೊಟ್ಟಿದ್ದೆವು. ಇಂಚಿಗೆ ಒಂದು ಚೌಕ, ಸೆಂಟ್ಸ್‌ಗೆ ಒಂದು ಚೌಕ, ಕೆಳಗೆ "ಹೋದ ವರ್ಷ ಇದೇ ದಿನ". ಆರಿದ್ರಾ ಮಳೆ ಹೊಡೆಯುತ್ತಿದೆ, ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಕಾಲ ಇಲ್ಲ. ಇವತ್ತು ಬೆಳಿಗ್ಗೆ ಟ್ರಂಕಿನ ಮನೆಯ ಮಾಲೀಕರು ಫೋನ್ ಮಾಡಿದರು. "ಕ್ಯಾಲೆಂಡರ್‌ನಲ್ಲಿ ಒಂದು ಇಂಚು ಐದು ಸೆಂಟ್ಸ್ ಬರೆದಿದ್ದೇನೆ, ನಿಮ್ಮದರಲ್ಲೂ ಅದನ್ನೇ ಹಾಕಿದೆ. ಅದು ಒಂದೂವರೆ ಇಂಚು ಅಂತಿದೆ."

ನಮ್ಮ ಹುಡುಗ 1 ಮತ್ತು 5ರ ನಡುವೆ ಒಂದು ಚುಕ್ಕೆ ಇಟ್ಟು 1.5 ಮಾಡಿಬಿಟ್ಟಿದ್ದ. ಆಗಬೇಕಾದದ್ದು 1.05.

ಅರೇಬಿಕಾ ಅಜ್ಜಿ | ಜೂನ್ 26

ಅಷ್ಟು ಮಳೆ ನಮ್ಮ ಕಡೆ ಬಂದಿದ್ದರೆ ಕರೆಂಟ್ ಹೋಗಿರುತ್ತಿತ್ತು, ಫೋನ್ ಮಾಡಲೂ ಆಗುತ್ತಿರಲಿಲ್ಲ. ಸರಿ ಮಾಡಿ ನನಗೂ ಕಳಿಸಿ, ನಾನೂ ನೋಡುತ್ತೇನೆ.